ಮಾಮೂಲಿ ಟೀ

ಪದ ಇಲಾಖೆಯ ಪುಟ್ಟರಾಜು ಬೆಳಿಗ್ಗೆ ಏಳಕ್ಕೇ ಚಿಕ್ಕತಾಯಮ್ಮನ ಟೀ ಅಂಗಡಿಗೆ ಬಂದು, ಬೆಂಚಿನ ಮೇಲೆ ನೀಲಿ ಔಷಧಿಯ ಸೀಸೆ ಇಟ್ಟ. ಒಂದು ಅರ್ಥಕ್ಕೆ ಒಂದೇ ಪದ ಅನ್ನೋ ಕಾನೂನು ಬಂದಮೇಲೆ ಊರಿನವರೆಲ್ಲ ಹೆಚ್ಚುವರಿ ಪದಗಳನ್ನು ಇಲಾಖೆಗೆ ಒಪ್ಪಿಸುತ್ತಿದ್ದರು. ನಾಲಿಗೆಗೆ ಒಂದು ಹನಿ ಬಿದ್ದರೆ ಪದ ಹೋಯಿತು. ‘ವಾಡಿಕೆ’, ‘ರೂಢಿ’ ಎರಡೂ ಹೋದ ತಿಂಗಳೇ ಹೋಗಿದ್ದವು.

“ಇವತ್ತು ‘ಮಾಮೂಲಿ’ ಕೊಟ್ಟುಬಿಡಿ ತಾಯಮ್ಮ. ಇನ್ನು ಅದಕ್ಕೂ ‘ಸಾಮಾನ್ಯ’ ಅಂತಲೇ ಅನ್ನಬೇಕು.”

“ಸಾಮಾನ್ಯ ಟೀ ಅಂದ್ರೆ ಎಲ್ಲರಿಗೂ ಒಂದೇ ಟೀ ಕಣಪ್ಪ. ಮಾಮೂಲಿ ಅಂದ್ರೆ ಒಬ್ಬೊಬ್ಬರದು ಒಂದೊಂದು. ಎರಡೂ ಒಂದೇ ಅಂತ ಯಾವ ಮಹಾನುಭಾವ ಬರೆದ?”

“ಮೇಲಿನವರು.”

“ಅವರು ಒಂದೇ ಅಂಗಡೀಲಿ ಎರಡು ದಿನ ಟೀ ಕುಡಿದವರಲ್ಲ ಬಿಡು.”

ಅಷ್ಟರಲ್ಲಿ ಕೈಗಾಡಿಯ ಲಕ್ಕಪ್ಪ ಬಂದ. ನಿನ್ನೆಯಷ್ಟೇ ‘ಮಾಮೂಲಿ’ ಪದ ಒಪ್ಪಿಸಿದ್ದವನು. ಬಾಯಿ ತೆರೆದ, ತಡಕಾಡಿದ, ಸುಮ್ಮನೆ ಮುಚ್ಚಿಕೊಂಡ. ಚಿಕ್ಕತಾಯಮ್ಮ ಅವನ ಕಡೆ ನೋಡದೆಯೇ ಸಕ್ಕರೆ ಇಲ್ಲದ ಗಟ್ಟಿ ಟೀ, ಜೊತೆಗೊಂದು ಬನ್ನು ಮುಂದಿಟ್ಟಳು. ಲಕ್ಕಪ್ಪನ ಮುಖ ಅರಳಿತು.

“ಅವರು ಏನೂ ಕೇಳಲೇ ಇಲ್ಲವಲ್ಲ!” ಅಂದ ಪುಟ್ಟರಾಜು.

ಅವಳು ಇನ್ನೊಂದು ಲೋಟಕ್ಕೆ ಶುಂಠಿ ಟೀ ಸೋಸಿ, ಕೆನೆ ತೆಗೆದು, ಅವನ ಸೀಸೆಯ ಪಕ್ಕ ಕುಕ್ಕಿದಳು. ಆರು ವರ್ಷದಿಂದ ಅವನು ಕುಡಿಯುತ್ತಿದ್ದುದು ಅದನ್ನೇ.

“ನೀನು ಕೇಳಿದೆಯಾ?” ಅಂದಳು. “ಹಾಕು ಹನಿ. ನಾಲಿಗೆಯಿಂದ ತೆಗೆದುಕೊಂಡು ಹೋಗು. ಈ ಕೈಗೆ ಎಷ್ಟು ಹನಿ ಬೇಕಾಗುತ್ತೆ ಅಂತ ನಿನ್ನ ಮೇಲಿನವರನ್ನ ಕೇಳ್ಕೊಂಡು ಬಾ.”

ನಾಲಿಗೆ ಚಾಚಿ ನಿಂತಳು. ಪುಟ್ಟರಾಜು ಮೊದಲು ಟೀ ಲೋಟ ಎತ್ತಿಕೊಂಡ.