ಬಾಗಿಲ ಹೊರಗೆ

ರೋಮಿನ ಚಕ್ರವರ್ತಿಗಳ ಕಾಲ. ಕಡಲ ತಡಿಯ ಪಟ್ಟಣವೊಂದರಲ್ಲಿ ಕ್ರೈಸ್ತರು ಒಂದು ಮನೆಯಲ್ಲಿ ಕೂಡಿ ಪ್ರಾರ್ಥಿಸುತ್ತಿದ್ದರು. ಪರವೂರಿನ ಬೋಧಕನಿಗೆ ತನ್ನನ್ನು ಕೇಳದೆ ಊಟ ಹಾಕಿದಳೆಂದು ಸಭಾಧ್ಯಕ್ಷನು ವಿಧವೆ ಇರೇನಳನ್ನು ಸಭೆಯಿಂದ ಹೊರಹಾಕಿದ್ದ.

"ಇಲ್ಲಿ ಯಾರಿರಬೇಕು, ಯಾರಿರಬಾರದು ಅಂತ ಹೇಳೋನು ನಾನು," ಎಂದಿದ್ದ.

ಜೊತೆಗೆ ರೊಟ್ಟಿ ಮುರಿದವರೇ ಬಾವಿಕಟ್ಟೆಯಲ್ಲಿ ಅವಳಿಗೆ ಮುಖ ತಿರುಗಿಸಿದರು. ಮೂರು ವರ್ಷ, ಪ್ರತಿ ಭಾನುವಾರ, ಅವಳು ಆ ಪ್ರಾರ್ಥನೆಯ ಮನೆಯ ಮೆಟ್ಟಿಲ ಮೇಲೆ ಕೂತು ಒಳಗಿನ ಕೀರ್ತನೆಗೆ ಮೆಲ್ಲಗೆ ದನಿಗೂಡಿಸಿ, ಒಬ್ಬಳೇ ಮನೆಗೆ ಮರಳುತ್ತಿದ್ದಳು.

ಒಂದು ಭಾನುವಾರ ಕ್ರೈಸ್ತರನ್ನು ಹಿಡಿದೊಯ್ಯಲು ಸೈನಿಕರು ನುಗ್ಗಿದರು. ಎಲ್ಲರೂ ಹಿತ್ತಲಿನಿಂದ ಓಡಿದರು. ಸಭಾಧ್ಯಕ್ಷ ಮಾತ್ರ ಸಿಕ್ಕಿಬಿದ್ದ.

"ನೀನು ಈ ಸಭೆಯವನೇನು?" ಸೈನಿಕರ ನಾಯಕ ಕೇಳಿದ.

"ಅಯ್ಯೋ, ಅಲ್ಲ ಸ್ವಾಮಿ! ಈ ಜನ ಯಾರೋ ನನಗೆ ಗೊತ್ತೇ ಇಲ್ಲ."

ಆ ಮಾತು ಮೆಟ್ಟಿಲ ಮೇಲಿದ್ದ ಇರೇನಳಿಗೂ ಕೇಳಿಸಿತು. ನಾಯಕ ಅವನನ್ನು ಬಿಟ್ಟು ಹೊರಬಂದ. ಮುದುಕಿಯನ್ನು ಕಂಡು ಅವನ ದನಿ ಮೆತ್ತಗಾಯಿತು.

"ನೀನು ಹೊರಗಿನವಳು ತಾನೇ ಅಜ್ಜಿ? ಮನೆಗೆ ಹೋಗು."

ಇರೇನ ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಎದ್ದು ನಿಂತಳು.

"ಅಲ್ಲಪ್ಪ, ನಾನು ಈ ಸಭೆಯವಳು."