ಕೊನೆಯ ಶಾಲೆ

ಶೇಖರನ ಮೊದಲ ಏಟಿಗೇ ಸುಂಕಣ್ಣನ ತುಟಿ ಒಡೆಯಿತು. ಎರಡನೆಯದಕ್ಕೆ ಗೋಡೆಗೆ ಒರಗಿ ಕುಸಿದ. ಕೈ ಎತ್ತಲಿಲ್ಲ.

"ನನ್ನ ತಂಗಿ ಹಲ್ಲು ಮುರೀತಿ ಏನಲೇ?"

ಸುಂಕಣ್ಣ ತಲೆ ತಗ್ಗಿಸಿದ. ಅದೇ ಶೇಖರನನ್ನು ಕೆರಳಿಸಿತು. ಇಲ್ಲ ಎಂದಿದ್ದರೆ ಅರೆಗಳಿಗೆ ತಡೆಯುತ್ತಿದ್ದನೇನೋ. ನಿನ್ನೆ ಬಳ್ಳಾರಿಯ ಆಸ್ಪತ್ರೆಯಲ್ಲಿ ಯಶೋಧರಾಳ ಊದಿದ ಮುಖ ಕಂಡು ಬೆನ್ನುಹತ್ತಿ ಕೇಳಿದ್ದ. ಅವಳು ಕಣ್ಣು ತಪ್ಪಿಸಿ, "ಅವರೇ ಹೊಡದ್ರು" ಎಂದಿದ್ದಳು. ಬೆಳಗಾಗುತ್ತಲೇ ಸಿರುಗುಪ್ಪದಿಂದ ತಂಗಿಯ ಊರಾದ ಕುರುಗೋಡಿನ ಬಸ್ಸು ಹತ್ತಿದ್ದ.

ಅವನೇ ಕೊಡಿಸಿದ ಟಿವಿ ಗಾಜೊಡೆದು ಮೂಲೆಯಲ್ಲಿತ್ತು. ಸುಂಕಣ್ಣನ ಮುಂಗೈ ಮೇಲೆ ಹಲ್ಲಿನ ಹಸಿ ಗುರುತು. ಪಾಪ, ಬಿಡಿಸಿಕೊಳ್ಳಲು ತಂಗಿಯೇ ಕಚ್ಚಿರಬೇಕು. ಶೇಖರ್ ಆ ಗುರುತಿನ ಮೇಲೆಯೇ ಒದ್ದ.

ಯಶೋಧರಾ ನಡುವೆ ಬರಲಿಲ್ಲ. ಚಿಲಕ ಹಾಕಿದ ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಮೆಲ್ಲಕ ಅಣ್ಣಾ. ಸಮ್ರಾಟ್ ಈಗಷ್ಟ ಮಲಗ್ಯಾನ."

"ಗಂಡ ಸತ್ರೂ ಸದ್ದಾಗಬಾರದೇನು ನಿನಗ? ಗಂಟು ಕಟ್ಟು. ಹುಡುಗನ್ನ ಕರ್ಕೊಂಡು ಸಿರುಗುಪ್ಪಕ್ಕ ನಡಿ."

"ಅಲ್ಲಿ ಅವಗ ಸಾಲಿ ಐತೇನು?"

ಶೇಖರನ ಮುಷ್ಟಿ ಸಡಿಲಾಯಿತು. ತಂಗಿಯ ಮಗ, ಹದಿಮೂರರ ಸಮ್ರಾಟನಿಗೆ ಮಾತು ಬಾರದು. ಮೂರು ಶಾಲೆಗಳು ಸೇರಿಸಿಕೊಂಡು ತಿಂಗಳೊಳಗೆ ವಾಪಸು ಕಳಿಸಿದ್ದವು. ಇಂಥ ಮಕ್ಕಳಿಗೂ ಹಕ್ಕಿದೆ, ಕಾನೂನೇ ಇದೆ ಎನ್ನುತ್ತಲೇ ಬಾಗಿಲು ಹಾಕಿದ್ದವು. ಉಳಿದದ್ದು ಬಳ್ಳಾರಿಯ ಒಂದು ವಿಶೇಷ ಶಾಲೆ. ಅಲ್ಲಿನ ಶ್ರೀವಾಣಿ ಮೇಡಂ ಮನೆ ನೋಡಿ ತೀರ್ಮಾನ ಹೇಳಲು ಇವತ್ತೇ ಬರುವವರಿದ್ದರು.

ಬಂದೇಬಿಟ್ಟರು. ನೆಲದ ಮೇಲಿನ ರಕ್ತ, ಯಶೋಧರಾಳ ಕೆನ್ನೆ ಎರಡನ್ನೂ ನೋಡಿ ಹೊಸ್ತಿಲಲ್ಲೇ ನಿಂತರು.

"ಏನಮ್ಮಾ ಇದು? ನಿಮ್ಮನ್ನ ಯಾರು ಹೊಡೆದ್ರು? ನಿಜ ಹೇಳ್ರಿ."

"ನಾನ ರೀ ಮೇಡಂ." ಸುಂಕಣ್ಣ ಕುಳಿತಲ್ಲಿಂದಲೇ ಹೇಳಿದ. "ಕುಡದ್ರ ನಾ ಮನುಷ್ಯಾನ ಅಲ್ರಿ."

"ಇವರು ನಮ್ಮಣ್ಣ," ಯಶೋಧರಾ ಸೇರಿಸಿದಳು. "ಬುದ್ಧಿ ಹೇಳಾಕ ಬಂದಾರ."

"ಚೆನ್ನಾಗೇ ಹೇಳಿದಾರೆ." ಮೇಡಂ ಸುಂಕಣ್ಣನತ್ತ ತಿರುಗಿದರು. "ನಾಚಿಕೆ ಆಗಲ್ವೇನ್ರಿ? ನಿಮ್ಮ ಮೇಲೆ ಕಂಪ್ಲೇಂಟ್ ಕೊಡ್ತೀನಿ."

"ಕೊಡ್ರಿ."

ಮೇಡಂ ದನಿ ತಗ್ಗಿಸಿ ಯಶೋಧರಾಳಿಗೆ ಹೇಳಿದರು. "ಇಂಥ ಮನೆಯಲ್ಲಿ ಆ ಮಗು ಹಗಲೆಲ್ಲಾ ಇರಬಾರದು. ಸೋಮವಾರದಿಂದ ಕಳಿಸಿ."

ಅವರ ಆಟೋ ಮರೆಯಾಯಿತು. ಬಳಿಕ ಯಶೋಧರಾ ಗಂಡನ ಪಕ್ಕ ಕುಳಿತು, ಸೆರಗಿನಿಂದ ಅವನ ತುಟಿ ಒರೆಸಿದಳು. ಅವನು ನಕ್ಕ. ಅವಳೂ ನಕ್ಕಳು, ಮುರಿದ ಹಲ್ಲು ಕಾಣುವಂತೆ.

"ನಿಮಗೇನು ತಲಿ ಕೆಟ್ಟೈತೇನು?" ಶೇಖರ್ ಕಿರುಚಿದ.

ಒಳಕೋಣೆಯಲ್ಲಿ ಯಾರೋ ಘೀಳಿಟ್ಟಂತಾಯಿತು. ಬಾಗಿಲಿಗೆ ಏನೋ ಅಪ್ಪಳಿಸಿತು. ಮತ್ತೊಮ್ಮೆ. ಚಿಲಕ ಅದುರಿತು. ಸುಂಕಣ್ಣ ಗೋಡೆ ಹಿಡಿದು ಎದ್ದು, ಮುಂಗೈಗೆ ಬಿಗಿಯಾಗಿ ಟವೆಲ್ ಸುತ್ತಿಕೊಂಡ. ಯಶೋಧರಾ ದಪ್ಪ ಕಂಬಳಿ ಎತ್ತಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆಯೇ ಬಾಗಿಲಿನ ಎರಡು ಬದಿಗೆ ನಿಂತರು.

"ನೀ ದೂರ ಸರಿ ಅಣ್ಣಾ," ಚಿಲಕಕ್ಕೆ ಕೈ ಹಾಕುತ್ತಾ ಯಶೋಧರಾ ಹೇಳಿದಳು. "ಹೊಡಿಯೋ ಹುಡುಗರನ್ನ ಯಾವ ಸಾಲ್ಯಾಗೂ ಇಟ್ಕೊಳ್ಳಂಗಿಲ್ಲ."