ತಪ್ಪಿಸಬಾರದ ಮೀಟಿಂಗು

ಅಮೆರಿಕದ ನಮ್ಮ ಊರಿಗೆ ನಾನು ಮೇಯರ್ ಆದಮೇಲೆ ಹಿಮ ಕೂಡ ನನ್ನ ಅಪ್ಪಣೆ ಕೇಳಿಯೇ ಬೀಳುತ್ತದೆ. ನಾನು ಸೀನಿದರೆ ಊರಿನ ಅಷ್ಟೂ ಸಿಗ್ನಲ್ಲುಗಳು ಕೆಂಪಾಗುತ್ತವೆ. ಇಂಥ ನನ್ನನ್ನು ಹೆಂಡತಿಯ ತಮ್ಮ ಫೋನಿನಲ್ಲಿ ಹಿಡಿದುಹಾಕಿದ.

“ಭಾವ, ನನ್ನ ಮದುವೆಗೂ ಬರಲ್ವಂತೆ? ಅಪ್ಪ ಇಲ್ಲ, ಹಸೆಮಣೆ ಹತ್ರ ನಿಲ್ಲೋ ಹಿರಿಯರು ನೀವೊಬ್ರೇ.”

“ಅವತ್ತೇ ನಗರಸಭೆ ಮೀಟಿಂಗ್ ಕಣೋ. ನಾನಿಲ್ಲದಿದ್ರೆ ಊರೇ ಮುಳುಗತ್ತೆ.”

“ಒಂದು ಮೀಟಿಂಗ್ ತಪ್ಪಿಸಿದ್ರೆ ಏನಾಗತ್ತೆ?”

“ಮೇಯರ್ ಆದ ನಾಲ್ಕು ವರ್ಷದಲ್ಲಿ ಒಂದೂ ತಪ್ಪಿಸಿಲ್ಲ. ದಾಖಲೆ!”

“ಅದಕ್ಕೂ ಮುಂಚೆ ಒಂದು ತಪ್ಪಿಸಿದ್ರಲ್ಲ, ಹಲ್ಲು ಕೀಳಿಸೋಕೆ ಹೋದ ದಿನ,” ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ಅವನಿಗೆ ನಿಜ ಹೇಳ್ಬಿಡಿ.”

“ಹೌದಾ ಭಾವ? ಅವತ್ತು ಊರು ಮುಳುಗ್ತಾ?”

ನಾನು ಕುರ್ಚಿಯಲ್ಲಿ ಕುಸಿದೆ.

“ಊರಲ್ಲಪ್ಪ, ನಾನು. ನಾವು ಐದು ಜನ ಸದಸ್ಯರಲ್ಲೇ ಒಬ್ಬರನ್ನ ಮೇಯರ್ ಮಾಡ್ಬೇಕು. ಸಂಬಳ ಇಲ್ಲ, ಯಾರ ನಾಯಿ ಬೊಗಳಿದ್ರೂ ಮೇಯರಿಗೇ ಫೋನು. ಯಾರಿಗೂ ಬೇಡ. ಅವತ್ತು ನಾನಿಲ್ಲದ್ದು ನೋಡಿ ನಾಲ್ವರೂ ಒಮ್ಮತದಿಂದ ಆ ಹುದ್ದೇನ ನನ್ನ ಕೊರಳಿಗೆ ಕಟ್ಟಿದ್ರು. ಮುಂದಿನ ಮೇಯರ್ ಆಯ್ಕೆ ಇರೋದು ನಿನ್ನ ಮದುವೆ ದಿನ.”